ಗಂಡನಿಗೆ ಬೀಳದ ಒದೆ

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಮುನಿತಾಯಮ್ಮ ಹುಟ್ಟುವಾಗಲೇ ಕಾಲು ಮುಂದೆ ಮಾಡಿಕೊಂಡು ಬಂದವಳು. ಅಂಥವರು ಎಡಗಾಲಲ್ಲಿ ಒದ್ದರೆ ಸೊಂಟದ ಹಿಡಿತ ಬಿಡುತ್ತದೆಂದು ಸುತ್ತಲ ಊರುಗಳ ನಂಬಿಕೆ. ಹಾಗಾಗಿ ಬೆಳಗಾದರೆ ಸಾಕು, ಅವಳ ಜಗಲಿಯ ಮುಂದೆ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಪಟೇಲರನ್ನೂ ಒದ್ದಿದ್ದಳು, ಪೂಜಾರಪ್ಪನನ್ನೂ ಒದ್ದಿದ್ದಳು. ಒದೆಸಿಕೊಂಡವರು ಎದ್ದು, ಬಾಳೆಹಣ್ಣು ಕೊಟ್ಟು, ಕೈಮುಗಿದು ಹೋಗುತ್ತಿದ್ದರು.

ಒದೆಸಿಕೊಳ್ಳದ ಗಂಡಸೆಂದರೆ ಅವಳ ಗಂಡ ಬೈಲಪ್ಪ ಒಬ್ಬನೇ. ಸೊಂಟ ಹಿಡಿದು ಗೋಡೆ ಹಿಡಿದುಕೊಂಡು ನಡೆಯುವಾಗಲೂ, "ಕಟ್ಕೊಂಡೋಳ ಹತ್ರ ಒದೆಸ್ಕೊಳ್ಳೋ ಗಂಡ್ಸು ನಾನಲ್ಲ" ಎಂದು ಮೀಸೆ ತಿರುವುತ್ತಿದ್ದ. ಮುನಿತಾಯಮ್ಮನಿಗೂ ಒಳಗೊಳಗೇ ಆಸೆಯಿತ್ತು, ಸುಳ್ಳೇಕೆ ಹೇಳಬೇಕು. ಮದುವೆಯಾದಂದಿನಿಂದ ಅವನು ಆಡಿದ ಮಾತಿಗೆಲ್ಲ ಒಂದೇ ಒದೆಯಲ್ಲಿ ಉತ್ತರ ಕೊಡಬಹುದಲ್ಲ!

ಸಾವಿರದ ಒಂಬೈನೂರ ಅರವತ್ತೆಂಟರ ಬೇಸಗೆಯಲ್ಲಿ ಹಿತ್ತಲ ಹುಣಸೆಮರ ಬಡಿಯಲು ಹತ್ತಿದ ಬೈಲಪ್ಪ ಕೊಂಬೆ ಸಮೇತ ಕೆಳಗೆ ಬಂದ. ಕುಂಡಿಯೂರಿ ಬಿದ್ದು, ಹಾಗೇ ಬೋರಲಾಗಿ, "ಅಯ್ಯೋ ಸೊಂಟ!" ಎಂದು ಅರಚಿದ. ಅರ್ಧ ಊರು ಸೇರಿತು.

"ಒದಿಯೇ ಮುನಿತಾಯಿ, ಏನ್ ನೋಡ್ತಾ ನಿಂತಿದ್ದೀಯ?" ಎಂದು ಅತ್ತೆ ದ್ಯಾವಮ್ಮ ಸೊಸೆಯನ್ನು ಮುಂದಕ್ಕೆ ನೂಕಿದಳು.

ಬೈಲಪ್ಪನೇ ಹಲ್ಲು ಕಚ್ಚಿಕೊಂಡು, "ಒದ್ಬಿಡೇ ಅತ್ಲಾಗೆ" ಎಂದ.

ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡಳು. ಒದೆಯುವ ಮುಂಚೆ ಹಿಡಿತ ಎಲ್ಲಿದೆಯೆಂದು ಎಡಗಾಲ ಹೆಬ್ಬೆರಳಲ್ಲಿ ಬೆನ್ನು ಸವರಿ ನೋಡುವುದು ಅವಳ ಪದ್ಧತಿ. ಮಿಕ್ಕವರು ಪಕ್ಕದ ಮಾಂಸ ಮುಟ್ಟಿದರೆ ನರಳುತ್ತಿದ್ದರು. ಇವನು ನಟ್ಟನಡುವಿನ ಮೂಳೆ ಮುಟ್ಟಿದ್ದೇ ಕಿಟಾರನೆ ಕಿರುಚಿದ.

"ಕಾಲೆಲ್ಲ ಜುಮ್ ಅಂತದೆ ಕಣೇ, ಇರುವೆ ಹರ್ದಂಗೆ."

"ಬೆರಳಾಡ್ಸು, ನೋಡನ."

ಕಾಲ್ಬೆರಳು ಕಷ್ಟಪಟ್ಟು ಅಲುಗಿತು. ಮುನಿತಾಯಮ್ಮ ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟಳು.

"ಇದು ಹಿಡಿತ ಅಲ್ಲ. ನಾನು ಒದೆಯಲ್ಲ."

"ಹಂಗಾದ್ರೆ ಎತ್ತಿ ಕೂರ್ಸಾನ" ಎಂದು ನೆರೆಮನೆಯ ಕೊಂಡಪ್ಪ ಕಂಕುಳಿಗೆ ಕೈ ಹಾಕಿದ.

"ಮುಟ್ಟಿದ್ರೆ ನಿಂಗೆ ಬೀಳ್ತದೆ ಒದೆ! ಹೋಗಿ ಬಾಗ್ಲು ಕಿತ್ಕೊಂಬಾ."

ಬೆನ್ನು ಬಗ್ಗದ ಹಾಗೆ ತಲೆ, ಸೊಂಟ, ಕಾಲು ಒಟ್ಟಿಗೇ ಎತ್ತಿಸಿ ಬೈಲಪ್ಪನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿದಳು. ಹಳೇ ಸೀರೆಯಲ್ಲಿ ಅಲ್ಲಾಡದಂತೆ ಕಟ್ಟಿ, ಗಾಡಿಗೆ ಹುಲ್ಲು ಹಾಸಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊರಡಿಸಿದಳು. ಅವನು ಬೋರಲು ಮಲಗಿಯೇ ಎತ್ತುಗಳನ್ನು ಬೈಯುತ್ತ ಬಂದ. ಇವಳು ಅವನ ಪಾದ ಹಿಡಿದು, "ಆಡ್ಸು, ಬೆರಳಾಡ್ಸು" ಎನ್ನುತ್ತ, ಅಲುಗಿದಾಗಲೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದಳು.

ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಎಕ್ಸ್‌ರೇ ನೋಡಿದ ಡಾಕ್ಟರು, "ಬೆನ್ನುಮೂಳೆ ಮುರಿದಿದೆ, ಪುಣ್ಯಕ್ಕೆ ನರ ಉಳಿದಿದೆ. ಯಾರಾದರೂ ತುಳಿದಿದ್ದರೆ ಎರಡು ಕಾಲೂ ಹೋಗುತ್ತಿದ್ದವು" ಎಂದರು. ಬೈಲಪ್ಪ ಹೆಂಡತಿಯ ಎಡಗಾಲನ್ನೇ ನೋಡಿದ.

ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಊರಿಗೆ ಬಂದ. ನೋಡಲು ಬಂದವರೆಲ್ಲ ಹಲಸಿನಹಣ್ಣು ಬಲಿತಿದೆಯೋ ಎಂದು ನೋಡುವಂತೆ ಅದನ್ನು ತಟ್ಟಿ ನೋಡಿದರು. ಒಳಗೆ ನವೆಯಾದಾಗ ಮುನಿತಾಯಮ್ಮ ಪೊರಕೆಕಡ್ಡಿ ತೂರಿಸುವಳು. ಡಾಕ್ಟರು ಬೇಡವೆಂದಿದ್ದು ಇಬ್ಬರಿಗೂ ಗೊತ್ತಿತ್ತು.

ಪ್ಲಾಸ್ಟರು ಬಿಚ್ಚಿ ಅವನು ಓಡಾಡತೊಡಗಿದ ಮೇಲೆ ಜಗಳವೂ ಮೊದಲಿನಂತೆ ಶುರುವಾಯಿತು. ಮಾತು ಮಿತಿಮೀರಿದಾಗ ಮುನಿತಾಯಮ್ಮ, "ಅವತ್ತೇ ಒದ್ದುಬಿಡ್ಬೇಕಾಗಿತ್ತು ನಿನ್ನ!" ಎನ್ನುವಳು.

ಬೈಲಪ್ಪ ಜಗಲಿಯ ಮೇಲೆ ಕಾಲು ಚಾಚಿ, ಅವಳಿಗೆ ಕಾಣುವ ಹಾಗೆ ಹತ್ತೂ ಬೆರಳು ಆಡಿಸುವನು.