ವಿಯೋಲಾ ಬಾಯಮ್ಮನ ಏಳು ಹೆಸರು

ಸಮುದ್ರದ ನಡುವಿನ ಆ ಪುಟ್ಟ ದ್ವೀಪ ಆಸ್ಟ್ರೇಲಿಯಾಕ್ಕೆ ಸೇರಿದ್ದಾದರೂ ಅದರ ಆಡಳಿತ ಅದರದೇ. ಅಲ್ಲಿ ಬ್ಯಾಂಕ್ ಖಾತೆ ತೆರೆಯಲು ಗುಮಾಸ್ತನಿಗೆ ನಿಮ್ಮ ಮುಖ ಗೊತ್ತಿದ್ದರೆ ಸಾಕಿತ್ತು. ಭಯೋತ್ಪಾದಕರ ಕೈಗೆ ದುಡ್ಡು ಹೋಗದಂತೆ ತಡೆಯುವ ದೇಶದ ಕಾನೂನನ್ನು ದ್ವೀಪಕ್ಕೂ ವಿಸ್ತರಿಸಿದ ಮೇಲೆ ಅಲ್ಲಿನ ಪ್ರತಿಯೊಬ್ಬರೂ ತಾವು ಯಾರೆಂದು ಹೊಸದಾಗಿ ತೋರಿಸಿಕೊಡಬೇಕಾಯಿತು. ಆ ಅರ್ಜಿಗಳೆಲ್ಲ ಬಂದು ಬೀಳುತ್ತಿದ್ದುದು ಸಿಡ್ನಿಯ ಚಾಟ್ಸ್‌ವುಡ್‌ನ ಬ್ಯಾಂಕ್ ಕಚೇರಿಯಲ್ಲಿ, ಹೇಮಲತಾಳ ಮೇಜಿಗೆ.

ಹೇಮಲತಾ ಹುಬ್ಬಳ್ಳಿಯವಳು. ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ. ತಿಂಗಳಿಗೆರಡು ಸಲ ಬಂದು ಹೋಗುತ್ತಿದ್ದ. ಸಿಡ್ನಿಯ ಗಿರಾವೀನ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಅವಳೂ ನಾಲ್ಕು ವರ್ಷದ ಮಗಳು ತೇಜಸ್ವಿನಿಯೂ. "ಹಾಲು ಕುಡೀತೀಯೇನವಾ?" ಎಂದರೆ ಮಗಳು "ನೋ ಥ್ಯಾಂಕ್ಸ್, ಮಮ್ಮಿ" ಎನ್ನುವಳು. ಎಷ್ಟೋ ದಿನ ಕನ್ನಡ ಹೇಮಲತಾಳ ಬಾಯಿಂದ ಹೊರಡುತ್ತಿತ್ತೇ ಹೊರತು ಕಿವಿಗೆ ಬರುತ್ತಿರಲಿಲ್ಲ.

ಒಂದು ಬುಧವಾರ ಕಂಪ್ಯೂಟರು ಒಂದು ಫೈಲಿಗೆ ಕೆಂಪು ಗುರುತು ಹಾಕಿ ಅವಳ ಮುಂದಿಟ್ಟಿತು. 'ನಿಮ್ಮನ್ನು ಬೇರೆ ಯಾವ ಹೆಸರಿನಿಂದ ಕರೆಯುತ್ತಾರೆ?' ಎಂಬಲ್ಲಿ ಜನ ಸಾಮಾನ್ಯವಾಗಿ ಗೀಟು ಎಳೆದು ಸುಮ್ಮನಾಗುತ್ತಾರೆ. ವಿಯೋಲಾ ಪಿಂಟೋ ಎಂಬ ಎಪ್ಪತ್ತೆರಡರ ಹೆಂಗಸು ಮಾತ್ರ ದುಂಡಗಿನ ಅಕ್ಷರದಲ್ಲಿ ಇನ್ನೂ ಆರು ಹೆಸರು ಬರೆದಿದ್ದಳು: ವಿಯೋಲಾ ಡಿಸೋಜಾ, ವಿಲ್ಲು, ಬಾಯಮ್ಮ, ಮಿಸೆಸ್ ಮೋರಿಸ್, ಸಿಸ್ಟರ್, ಚಿಲ್ಲಿ. ಒಬ್ಬಳಿಗೆ ಏಳು ಹೆಸರು ಎಂದರೆ ಯಂತ್ರಕ್ಕೆ ಅನುಮಾನ. ಶುಕ್ರವಾರದೊಳಗೆ ಬಗೆಹರಿಯದಿದ್ದರೆ ಖಾತೆಗೆ ಬೀಗ.

'ಬಾಯಮ್ಮ' ಎಂಬಲ್ಲಿ ಹೇಮಲತಾಳ ಕಣ್ಣು ನಿಂತಿತು. ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಹಾಗೆ ಕರೆಯುವುದನ್ನು ಅವಳು ಹಾಸ್ಟೆಲ್ ದಿನಗಳಲ್ಲಿ ಕೇಳಿದ್ದಳು. ಫೋನ್ ಮಾಡಿ, ನಿಯಮದಂತೆ ಇಂಗ್ಲಿಷಿನಲ್ಲಿ ತನ್ನ ಪೂರ್ತಿ ಹೆಸರು ಹೇಳಿದಳು.

"ಹೇಮಲತಾ ಮೆಣಸಿನಕಾಯಿ?" ಆ ಕಡೆಯ ದನಿ ಏರಿತು. "ಅಯ್ಯೋ ಮಾರಾಯ್ತಿ, ನೀವು ಕನ್ನಡದವರಾ! ಯಾವ ಊರು?"

"ಹುಬ್ಬಳ್ಳಿ ರೀ."

"ನಾನು ಬಂಟ್ವಾಳ. ಕನ್ನಡ ಮಾತಾಡದೆ ಒಂಬತ್ತು ವರ್ಷ ಆಯ್ತು. ನಿಲ್ಲಿ, ಗ್ಯಾಸ್ ಆರಿಸಿ ಬರ್ತೇನೆ."

ಹೇಮಲತಾ ಒಂದೊಂದು ಹೆಸರಿನ ಕಾರಣ ಕೇಳುತ್ತ ಬರೆದುಕೊಂಡಳು. ಡಿಸೋಜಾ ತಂದೆಯದು. ಪಿಂಟೋ ಗಂಡನದು, ಹಡಗಿನ ಎಂಜಿನ್ ನೋಡಿಕೊಳ್ಳುತ್ತಿದ್ದ ಮೋರಿಸ್ ಪಿಂಟೋ ಅವಳನ್ನು ಆ ದ್ವೀಪಕ್ಕೆ ಕರೆತಂದ, ಊರವರು ಮಿಸೆಸ್ ಮೋರಿಸ್ ಎಂದರು. ಅಲ್ಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ ಸಿಸ್ಟರ್ ಆದಳು.

"ಚಿಲ್ಲಿ ಅಂದ್ರ?"

"ಹಿತ್ತಲಲ್ಲಿ ಮೆಣಸು ಬೆಳೆಸ್ತಿದ್ದೆ. ಇಲ್ಲಿ ಎಲ್ಲರದ್ದೂ ಅದೇ ನಾಕು ಮನೆತನದ ಹೆಸರು, ಹಾಗಾಗಿ ಫೋನ್ ಬುಕ್ಕಿನಲ್ಲೂ ಅಡ್ಡಹೆಸರೇ. ನೀವೂ ಮೆಣಸು, ನಾನೂ ಮೆಣಸು!"

ಹೇಮಲತಾ ನಕ್ಕುಬಿಟ್ಟಳು. ಪಕ್ಕದ ಮೇಜಿನವನು ತಿರುಗಿ ನೋಡಿದ.

"ಮತ್ತ ವಿಲ್ಲು?"

"ಅದು ಅಮ್ಮ ಕರೆಯುತ್ತಿದ್ದದ್ದು, ಆಮೇಲೆ ಮೋರಿಸ್. ಇಬ್ಬರೂ ಇಲ್ಲ ಈಗ. ಆದರೆ ಫಾರ್ಮಿನಲ್ಲಿ ಸುಳ್ಳು ಬರೀಬಾರದಲ್ಲ? ಕರೆಯುವವರಿಲ್ಲ ಅಂತ ಹೆಸರನ್ನೇ ಬಿಡ್ಲಿಕ್ಕೆ ಆಗ್ತದಾ?"

ಹೇಮಲತಾ 'ವಿಲ್ಲು' ಎಂದು ಬರೆದುಕೊಂಡು ಅದರ ಮುಂದೆ ಜಾಗ ಖಾಲಿ ಬಿಟ್ಟಳು.

"ನೋಡಿ, ಸೋಮವಾರ ಮೆಲ್ಬರ್ನ್‌ಗೆ ಹೋಗ್ಲಿಕ್ಕುಂಟು, ಕಣ್ಣಿನ ಆಪರೇಷನ್. ಎಡಗಣ್ಣು ಆಗಲೇ ಹೋಯ್ತು. ಟಿಕೇಟಿನ ದುಡ್ಡು ಆ ಖಾತೆಯಲ್ಲೇ ಇರೂದು. ಅಲ್ಲಿ ತಂಗಿ ಬ್ರಿಜಿಟ್ ಮನೆಯಲ್ಲಿ ಒಂದು ತಿಂಗಳು ಇರ್ತೇನೆ. ಅವಳ ಹತ್ರ ಮಾತೆಲ್ಲ ಕೊಂಕಣಿಯೇ. ಅಲ್ಲಿಯ ನಂಬರ್ ಬರ್ಕೊಳ್ಳಿ. ನಿಮ್ಮದೂ ಕೊಡಿ. ಸುಮ್ಮನೆ ಮಾತಾಡುವ."

ಗಂಡನನ್ನು ನೋಡಲು ಮುಂದಿನ ತಿಂಗಳು ಹೇಮಲತಾಳೂ ಮಗಳೂ ಮೆಲ್ಬರ್ನ್‌ಗೆ ಹೋಗುವವರಿದ್ದರು. ಹೇಮಲತಾ ಹಳದಿ ಚೀಟಿಯ ಮೇಲೆ ನಂಬರ್ ಬರೆದುಕೊಂಡಳು. ತನ್ನದನ್ನು ಕೊಡಲಿಲ್ಲ. "ಆಮ್ಯಾಲ ಮಾಡ್ತೀನಿ ರೀ" ಎಂದಳು.

ಗುರುವಾರ ಮೆಲ್ಬರ್ನ್ ಆಫೀಸಿನಿಂದ ಮ್ಯಾನೇಜರ್ ಅಭಿನಂದನ್ ಫೋನ್ ಮಾಡಿದ. ಅವನು ಬೆಳಗಾವಿಯವನು.

"ಬಾಯಮ್ಮ ಅನ್ನೋದು ಹೆಸರಲ್ಲ, ಕರಿಯೋ ರೀತಿ ಅಂತ ಬರದೀರಿ. ನನಗ ತಿಳೀತದ್ರಿ. ಆಡಿಟರ್‌ಗೆ ತಿಳೀಬೇಕಲ್ಲ? ಅವನ ಊರು ಬೆಳಗಾವಿ ಅಲ್ಲ."

"ಇನ್ನೂ ಎರಡು ಸಾಲು ಸೇರಸ್ತೀನಿ ಸರ್."

"ಸೇರಸ್ರಿ. ಅಂದಂಗ, ಆಕಿ ನಿಮಗ ಪರಿಚಯ ಇಲ್ಲ ಹೌದಿಲ್ಲೋ? ಇದ್ರ ಫೈಲ್ ಬ್ಯಾರೆಯವರಿಗೆ ಹೋಗಬೇಕ. ಅವರು ನೋಡೋದು ಬರೋ ವಾರನ."

ಅವಳು ಏಳೂ ಹೆಸರಿಗೆ ವಿವರಣೆ ಬರೆದಳು. ಮದುವೆಯ ಸರ್ಟಿಫಿಕೇಟು, ನರ್ಸ್ ನೋಂದಣಿ, ದ್ವೀಪದ ಫೋನ್ ಬುಕ್ಕಿನ ಪುಟ ಜೋಡಿಸಿದಳು. 'ವಿಲ್ಲು' ಎಂಬುದಕ್ಕೆ ಯಾವ ದಾಖಲೆಯೂ ಇರಲಿಲ್ಲ. 'ಮನೆಯಲ್ಲಿ ಕರೆಯುವ ಹೆಸರು' ಎಂದು ಬರೆದು, 'ಕರೆಯುತ್ತಿದ್ದ' ಎಂದು ತಿದ್ದಿದಳು.

ಕೊನೆಯಲ್ಲಿ ಒಂದೇ ಪ್ರಶ್ನೆ ಉಳಿದಿತ್ತು. ಗ್ರಾಹಕರೊಂದಿಗೆ ನಿಮಗೆ ವೈಯಕ್ತಿಕ ಸಂಪರ್ಕ ಇದೆಯೇ? ಅದಕ್ಕೆ ಉತ್ತರಿಸದೆ ಫೈಲ್ ಮುಂದೆ ಹೋಗುವುದಿಲ್ಲ. ಚೀಟಿ ಕೀಬೋರ್ಡಿನ ಅಂಚಿನಲ್ಲಿ ಅಂಟಿಕೊಂಡಿತ್ತು. ಅದನ್ನು ಇಟ್ಟುಕೊಂಡು 'ಇಲ್ಲ' ಎಂದರೆ ಸುಳ್ಳಾಗುತ್ತದೆ. 'ಇದೆ' ಎಂದರೆ ಸೋಮವಾರದ ವಿಮಾನ ತಪ್ಪುತ್ತದೆ.

ನಂಬರು ಎಲ್ಲಿ ನೆನಪಿನಲ್ಲಿ ಉಳಿದುಬಿಡುತ್ತದೋ ಎಂದು ಹೇಮಲತಾ ಇನ್ನೊಮ್ಮೆ ನೋಡದೆಯೇ ಚೀಟಿ ಕಿತ್ತಳು. ಪ್ರಿಂಟರಿನ ಪಕ್ಕದಲ್ಲಿದ್ದ ಕಾಗದ ಚೂರು ಮಾಡುವ ಯಂತ್ರಕ್ಕೆ ಅದನ್ನು ಕೊಟ್ಟು, ಮೇಜಿಗೆ ಬಂದು 'ಇಲ್ಲ' ಒತ್ತಿದಳು.

ಶುಕ್ರವಾರ ಹನ್ನೊಂದಕ್ಕೆ ಕೆಂಪು ಗುರುತು ಹೋಯಿತು.