ಬಾಗಿಲು ಹಾಕಿಕೊಂಡ ಶನಿವಾರಗಳು

ನಮ್ಮ ಸುತ್ತಿನ ಐದು ಶಾಲೆಗಳ ಮೇಷ್ಟ್ರು, ಟೀಚರುಗಳೆಲ್ಲ ತಿಂಗಳಿಗೊಂದು ಶನಿವಾರ ಸೇರಬೇಕೆಂದು ಮೇಲಿನಿಂದ ಆದೇಶ ಬಂದಾಗ ನಾವೆಲ್ಲ ಗೊಣಗಿದವರೇ. ಇಂಥ ಸಭೆಗಳ ಹಣೆಬರಹ ಯಾರಿಗೆ ಗೊತ್ತಿಲ್ಲ? ಒಬ್ಬರು ತಮ್ಮ ಪಾಠವನ್ನು ತಾವೇ ಹೊಗಳಿಕೊಳ್ಳುತ್ತಾರೆ, ಉಳಿದವರು ಆಕಳಿಸುತ್ತಾರೆ, ಬಿಸ್ಕತ್ತು ಮುಗಿದ ಕೂಡಲೇ ಎಲ್ಲರಿಗೂ ಮನೆಯ ನೆನಪಾಗುತ್ತದೆ. ನಾನೋ ಡ್ರಿಲ್ ಮೇಷ್ಟ್ರು. ಸೀಟಿ ಊದುವವನಿಗೆ ಅಲ್ಲೇನು ಕೆಲಸ ಎಂದು ಕಿಟಕಿ ಪಕ್ಕದ ಬೆಂಚು ಹಿಡಿದು ತೂಕಡಿಸುತ್ತಿದ್ದೆ.

ನನ್ನ ನಿದ್ದೆ ಕೆಡಿಸಿದವರು ನಮ್ಮ ಶಾಲೆಯ ಗಣಿತದ ಟೀಚರ್. ಕುಳ್ಳಗಿನ ಹೆಂಗಸು, ಗಂಟಲು ಮಾತ್ರ ನನ್ನ ಸೀಟಿಗಿಂತ ಜೋರು. ಗಂಡ ದರ್ಜಿ. ಅವನ ಅಂಗಡಿಯ ಚೂರುಬಟ್ಟೆಯೆಲ್ಲ ಇವರ ಕೈಚೀಲದಲ್ಲಿ, ಲೆಕ್ಕ ಕಲಿಸಲು. ಒಂದು ಶನಿವಾರ ಅವರೇ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ಚೆನ್ನಾಗಿ ಆದ ಪಾಠ ಮನೇಲೇ ಇಟ್ಕೊಳ್ಳಿ. ಕೆಟ್ಟುಹೋಗಿದ್ದನ್ನ ಇಲ್ಲಿಗೆ ತನ್ನಿ. ಆದ್ರೆ ಇಲ್ಲಿ ಆಡಿದ್ದು ಈ ಬಾಗಿಲು ದಾಟಬಾರ್ದು. ಮೊದಲು ನಂದೇ ಹೇಳ್ತೀನಿ."

ಭಿನ್ನರಾಶಿಯಿಂದ ಭಾಗಿಸುವಾಗ ಅದನ್ನು ತಲೆಕೆಳಗು ಮಾಡಿ ಗುಣಿಸಬೇಕು ಎಂದು ನಾವೆಲ್ಲ ಕಲಿತದ್ದೇ. ಅವರ ತರಗತಿಯ ಹುಡುಗಿಯೊಬ್ಬಳು ಯಾಕೆ ಎಂದು ಕೇಳಿದಳಂತೆ.

"ನಂಗೆ ಗೊತ್ತಿರ್ಲಿಲ್ಲ ಕಣ್ರೀ. ಇಷ್ಟು ವರ್ಷ ಪಾಠ ಮಾಡಿದೀನಿ, ಯಾಕೆ ಅಂತ ಗೊತ್ತಿರ್ಲಿಲ್ಲ. 'ಬಾಯಿ ಮುಚ್ಕೊಂಡು ತಿರುಗಿಸು' ಅಂದ್ಬಿಟ್ಟೆ. ಆ ಮಗು ಆಮೇಲೆ ನನ್ನ ಏನೂ ಕೇಳಿಲ್ಲ."

ಅವರ ಚೀಲದ ಬಟ್ಟೆಯೆಲ್ಲ ಮೇಜಿನ ಮೇಲೆ ಬಂತು. ಆಮೇಲೆ ಯಾರೋ ಕತ್ತರಿ ತಂದರು. ಮೂರು ಮೀಟರ್ ಬಟ್ಟೆಯ ಪಟ್ಟಿಯನ್ನು ಅರ್ಧರ್ಧ ಮೀಟರಿಗೆ ಕತ್ತರಿಸಿದೆವು. ಮೀಟರಿಗೆ ಎರಡು ತುಂಡು, ಮೂರು ಮೀಟರಿಗೆ ಆರು. ಅರ್ಧದಿಂದ ಭಾಗಿಸುವುದೆಂದರೆ ಎರಡರಿಂದ ಗುಣಿಸಿದಂತೆಯೇ ಎಂಬುದು ಈ ದಡ್ಡನ ತಲೆಗೂ ಹೋಯಿತು. ಟೀಚರ್ ಆ ತುಂಡುಗಳನ್ನೇ ಚೀಲಕ್ಕೆ ತುರುಕಿಕೊಂಡು ಹೋಗಿ, ಸೋಮವಾರ ಹುಡುಗಿಯನ್ನು ಕರೆದು, ತಪ್ಪಾಯ್ತು ಎಂದು ಹೇಳಿ ತೋರಿಸಿದರು.

ಅಲ್ಲಿಂದಾಚೆಗೆ ಎಲ್ಲರೂ ಬಾಯಿ ಬಿಟ್ಟರು. ಭಾಷೆಯ ಮೇಷ್ಟ್ರು ತಮಗೇ ಅರ್ಥವಾಗದ ಪದ್ಯವನ್ನು ರಾಗವಾಗಿ ಹಾಡಿ ಪಾರಾಗುತ್ತಿದ್ದುದನ್ನು ಹೇಳಿದರು. ಓಡಲಾರದ ಮಕ್ಕಳನ್ನು ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ ಎಂದು ನಾನೂ ಹೇಳಿದೆ. ಗೊತ್ತಿಲ್ಲ ಎಂದು ಹೇಳಿಯೂ ಮರ್ಯಾದೆ ಉಳಿಸಿಕೊಳ್ಳಬಹುದಾದ ಜಾಗ ನಮ್ಮ ಕೆಲಸದಲ್ಲಿ ಅದೊಂದೇ ಇತ್ತು. ಟೀಚರ್ ಅದನ್ನು ಕಣ್ಣಿನ ಹಾಗೆ ಕಾಪಾಡಿಕೊಂಡು ಬಂದರು.

ಬಟ್ಟೆ ಕತ್ತರಿಸಿದ ದಿನ ನಮ್ಮೊಡನೆಯೇ ಇದ್ದ, ಪಕ್ಕದ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಟೀಚರ್ ಒಂದು ಶನಿವಾರ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಮಕ್ಕಳು ಅವಳಿಗೆ ಬಾಯಿ ತೆರೆಯಲೂ ಬಿಡುತ್ತಿರಲಿಲ್ಲ. ನಮ್ಮ ಟೀಚರ್ ತಮ್ಮ ಬಿಡುವಿನ ಪಿರಿಯಡ್ಡಿನಲ್ಲೆಲ್ಲ ಬಿಸಿಲಲ್ಲಿ ನಡೆದುಹೋಗಿ ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು, ಕೈಹಿಡಿದು ಕಲಿಸಿದರು, ತಮ್ಮ ಡಬ್ಬಿಯಲ್ಲಿ ಪಾಲು ಕೊಟ್ಟರು. ಅವಳಿಗೆ ಮಾತು ಮಾತಿಗೂ "ಅಕ್ಕ, ಅಕ್ಕ". ದರ್ಜಿ ಗಂಡ ರೇಗಿಸುತ್ತಿದ್ದ, "ನನ್ನ ತಂಗೀರಿಗೂ ಇಷ್ಟು ಉಪಚಾರ ಇಲ್ವಲ್ಲೇ!"

ಹೀಗೆ ಅವಳ ತರಗತಿ ಹತೋಟಿಗೆ ಬಂದು ಕೆಲಕಾಲ ಕಳೆದ ಮೇಲೆ ಐದೂ ಶಾಲೆಗಳ ಶಿಕ್ಷಕರಿಗೆ ಮಾರ್ಗದರ್ಶಿಯಾಗಿ ಒಬ್ಬರನ್ನು ಆರಿಸುತ್ತಾರೆಂದಾಯಿತು. ಅದು ಯಾರಿಗೆ ಸಿಗುತ್ತದೆಂದು ಯಾರಿಗೂ ಅನುಮಾನವಿರಲಿಲ್ಲ. ವಿಜ್ಞಾನದವಳೂ ಅರ್ಜಿ ಹಾಕಿದಳು. "ಸುಮ್ನೆ ಅನುಭವಕ್ಕೆ ಅಕ್ಕ" ಎಂದಳು.

ಸಂದರ್ಶನಕ್ಕೆ ಟೀಚರನ್ನು ನನ್ನ ಸ್ಕೂಟರಿನಲ್ಲಿ ಕರೆದೊಯ್ದೆ. ಅವಳದು ಮೊದಲು, ಇವರದು ಆಮೇಲೆ. ಒಳಗೆ ಹೋದವರು ಬೇಗನೆ ಹೊರಬಂದರು. ಮುಖ ಬಿಳಿಚಿಕೊಂಡಿತ್ತು.

"ಅಧಿಕಾರಿ ನಗ್ತಾ ಕೇಳಿದ್ರು ಮೇಷ್ಟ್ರೇ. 'ಭಿನ್ನರಾಶಿ ಯಾಕೆ ತಿರುಗಿಸಬೇಕು ಅಂತ ಈಗಾದ್ರೂ ಗೊತ್ತೋ, ಇಲ್ಲ ನಾವೂ ಬಾಯಿ ಮುಚ್ಕೊಂಡು ತಿರುಗಿಸ್ಬೇಕೋ?' ಅಂದ್ರು."

"ನೀವೇನಂದ್ರಿ?"

"ಉತ್ತರ ಬರ್ತಿತ್ತು. ಆದ್ರೆ ಆ ಮಾತು ಇಲ್ಲಿಗೆ ಹೇಗೆ ಬಂತು ಅನ್ನೋದ್ರಲ್ಲೇ ಮನಸ್ಸು ನಿಂತುಹೋಯ್ತು."

ವಿಜ್ಞಾನದವಳು ಜಗಲಿಯಲ್ಲಿ ನೀರು ಕುಡಿಯುತ್ತ ನಿಂತಿದ್ದಳು. ಟೀಚರ್ ನೆಟ್ಟಗೆ ಅವಳ ಮುಂದೆ ಹೋಗಿ ನಿಂತರು.

"ನೀನು ಹೇಳಿದ್ಯಾ?"

"ನಿಮ್ಮ ಬಗ್ಗೆ ಕೇಳಿದ್ರು ಅಕ್ಕ. ಅದು ನಿಮ್ಮ ದೊಡ್ಡತನ ಅಂತಾನೇ ಹೇಳಿದ್ದು ನಾನು."

"ದೊಡ್ಡತನ ಆಗಿದ್ರೆ ನಾವೇ ಬಟ್ಟೆ ಕತ್ತರಿಸಿ ಉತ್ತರ ಕಂಡ್ಕೊಂಡಿದ್ದನ್ನೂ ಹೇಳ್ತಿದ್ದೆ. ಅದನ್ನ ಹೇಳಿದ್ಯಾ?"

ಅವಳು ಲೋಟದ ತಳ ನೋಡುತ್ತ ನಿಂತಳು. ನನಗೆ ಮೈಯೆಲ್ಲ ಉರಿದುಹೋಯಿತು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ, ಬೇರೆ ಹೆಸರಿಲ್ಲ. ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ, ಟೀಚರ್ ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಕೆಲಸ ಅವಳಿಗೇ ಸಿಗ್ಲಿ ಬಿಡಿ. ನಂಗೆ ಶನಿವಾರದ್ದೇ ಯೋಚನೆ."

ಕೆಲಸ ಅವಳಿಗೇ ಸಿಕ್ಕಿತು. ಮುಂದಿನ ಶನಿವಾರ ಮಾರ್ಗದರ್ಶಿಯ ಕುರ್ಚಿಯಲ್ಲಿ ಅವಳೇ. ಸಂದರ್ಶನದಲ್ಲಿ ಅವಳು ಬಾಯಿಬಿಟ್ಟ ಸುದ್ದಿ ಐದೂ ಶಾಲೆಗೆ ಮುಟ್ಟಿತ್ತು. ಅವಳು ತಾನೇ ಎದ್ದು ಬಾಗಿಲು ಹಾಕಿ ಬಂದು, "ಎಂದಿನ ಹಾಗೇ ನಡೀಲಿ. ಯಾರ ಪಾಠ ಕೆಟ್ಟಿತು ಈ ಸಲ?" ಎಂದಳು.

ಭಾಷೆಯ ಮೇಷ್ಟ್ರು ತಮ್ಮ ಪಾಠಗಳೆಲ್ಲ ಸೊಗಸಾಗಿ ಆದವು ಎಂದರು. ಅವರ ಪಕ್ಕದವರದ್ದೂ ಚೆನ್ನಾಗಿ ಆಗಿತ್ತು. ನನ್ನ ಮಕ್ಕಳೆಲ್ಲ ಜಿಂಕೆಮರಿಗಳ ಹಾಗೆ ಓಡುತ್ತಿದ್ದಾರೆ ಎಂದು ನಾನೂ ಒಗೆದೆ. ಒಬ್ಬರಾದರೂ ಅವಳ ಮುಖ ನೋಡಲಿಲ್ಲ. ಅವಳಿಗೆ ಅಳು ಒತ್ತಿಕೊಂಡು ಬರುತ್ತಿತ್ತು. ಹಿಂದೊಮ್ಮೆ ಇದೇ ಕೋಣೆಯಲ್ಲಿ ಅತ್ತಾಗ ಯಾರ ಕಡೆ ತಿರುಗಿದ್ದಳೋ, ಈಗಲೂ ಅವರ ಕಡೆಯೇ ತಿರುಗಿದಳು.

"ಅಕ್ಕ, ನೀವಾದ್ರೂ ಹೇಳಿ."

ಟೀಚರ್ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ನಂದೂ ಚೆನ್ನಾಗೇ ಆಯ್ತು ಮೇಡಂ" ಎಂದರು.