ಹಸಿರು ಬಳೆ ಮುಗಿದುಹೋದ ಮಧ್ಯಾಹ್ನ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಶನಿವಾರ ಎಂದು ನನ್ನ ನೆನಪು ಹಟ ಹಿಡಿಯುತ್ತದೆ. ನನ್ನ ಡೈರಿ ಗುರುವಾರ ಎನ್ನುತ್ತದೆ. ಆ ಹುಡುಗಿ ತೊಟ್ಟಿದ್ದ ಲಂಗ ಒಮ್ಮೆ ನೀಲಿಯಾಗಿ, ಒಮ್ಮೆ ಕಂದು ಬಣ್ಣದ್ದಾಗಿ ಕಣ್ಣಿಗೆ ಬರುತ್ತದೆ. ಆದರೆ ಗಿರಿಜತ್ತೆ ಕೈ ಹಿಡಿಯುತ್ತಿದ್ದ ರೀತಿಯನ್ನು ನಾನು ತಪ್ಪಾಗಿ ನೆನೆಯಲಾರೆ. ಅದು ನನ್ನ ಕೈಗೇ ನೆನಪಿದೆ. ನಾಲ್ಕು ಬೆರಳುಗಳನ್ನು ಒಟ್ಟುಗೂಡಿಸಿ, ಹೆಬ್ಬೆರಳಿನ ಬುಡವನ್ನು ಒತ್ತಿ, ಅಂಗೈಯನ್ನು ಒಳಕ್ಕೆ ಮಡಚುತ್ತಿದ್ದಳು. ನೋವಾಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದು ಕೂತಿರುತ್ತಿತ್ತು.

ಗಿರಿಜತ್ತೆ ನನ್ನ ಅಪ್ಪನ ಅಕ್ಕ. ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರು ಅವಳ ಬಳೆ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಜನರ ಹೆಸರು ಅವಳಿಗೆ ನೆನಪಿರುತ್ತಿರಲಿಲ್ಲ, ಬಳೆಯ ಅಳತೆ ನೆನಪಿರುತ್ತಿತ್ತು. “ಪುರವರದ ಎರಡೆಂಟು ಬಂದಿದ್ಳು ಕಣೆ, ಮಗಳಿಗೆ ಗಂಡು ಗೊತ್ತಾಯ್ತಂತೆ” ಎನ್ನುತ್ತಿದ್ದಳು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಾಗ ಕೈ ಹಿಡಿದು ನೋಡಿ, “ಹೋಗ್ವಾಗ್ಲೂ ಎರಡಾರು, ಬರ್ವಾಗ್ಲೂ ಎರಡಾರು. ಏನ್ ಊಟ ಹಾಕಿದ್ರೇ ಆ ಯೂನಿವರ್ಸಿಟಿಲಿ?” ಎಂದಿದ್ದಳು.

ಅಂಗಡಿಯಲ್ಲಿ ಅವಳ ಸ್ಟೂಲು ಗಿರಾಕಿಗಳ ಕಡೆಗಲ್ಲ, ರಸ್ತೆಯ ಕಡೆಗೆ ತಿರುಗಿರುತ್ತಿತ್ತು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನವೂ ಅವಳು ಒಂದು ಕೈಗೆ ಬಳೆ ತೊಡಿಸುತ್ತ ಕಣ್ಣನ್ನು ಮಾತ್ರ ಬಸ್ಸುಗಳ ಮೇಲೇ ಇಟ್ಟಿರುತ್ತಿದ್ದಳು. ಅದಕ್ಕೆ ಕಾರಣವಿತ್ತು. ಕೊರಟಗೆರೆ ಕಡೆಯ ಇಟ್ಟಿಗೆ ಗೂಡುಗಳಿಗೆ, ಪಾವಗಡದ ಕಡಲೆಕಾಯಿ ಕೀಳುವ ಕೆಲಸಕ್ಕೆ ಪ್ರತಿ ವರ್ಷ ದೂರದ ಊರುಗಳಿಂದ ಕುಟುಂಬಗಳು ಬಂದಿಳಿಯುತ್ತವೆ. ಕೆಲವರು ರಾಯಚೂರು ಕಡೆಯವರು, ಕೆಲವರು ಎಲ್ಲಿಯವರೆಂದು ಅವರ ಮಾತಿನಿಂದ ನಮಗೆ ತಿಳಿಯದಷ್ಟು ದೂರದವರು. ಪಾತ್ರೆ, ಚಾಪೆ, ಕೋಳಿ, ಮಕ್ಕಳು ಎಲ್ಲ ಒಂದೇ ಲಾರಿಯಲ್ಲಿ, ಮಕ್ಕಳು ಎಲ್ಲಕ್ಕಿಂತ ಮೇಲೆ. ಬಸ್‌ಸ್ಟ್ಯಾಂಡಿನ ಎದುರು ಅರ್ಧ ಗಂಟೆ ನಿಲ್ಲುತ್ತಾರೆ, ನೀರು ಕುಡಿಯುತ್ತಾರೆ, ಮೇಸ್ತ್ರಿ ಕೂಗಿದ ಕೂಡಲೆ ಹತ್ತುತ್ತಾರೆ.

ಹಾಗೆ ಹತ್ತುವಾಗ ಒಮ್ಮೆ ಒಂದು ಮಗು ಕೆಳಗೇ ಉಳಿದುಬಿಟ್ಟಿತ್ತಂತೆ. ನಾನಾಗ ಇರಲಿಲ್ಲ, ಅತ್ತೆಯ ಬಾಯಿಂದ ಕೇಳಿದ್ದು. ಮೂರು ವರ್ಷದ ಮಗುವಿಗೆ ಊರಿನ ಹೆಸರೂ ಬಾರದು, ಅಪ್ಪನ ಹೆಸರೂ ಬಾರದು. ಯಾವ ಲಾರಿ ಎಂದು ಯಾರೂ ನೋಡಿರಲಿಲ್ಲ. ತಾಯಿ ಮಾರನೆಯ ದಿನ ಸಿರಾ ರಸ್ತೆಯಿಂದ ನಡೆದುಕೊಂಡೇ ಅಳುತ್ತ ಬಂದಳಂತೆ. “ಅವಳು ಅತ್ತಿದ್ದು ನಂಗೆ ಇವತ್ಗೂ ಕಿವೀಲೈತೆ” ಎನ್ನುತ್ತಿದ್ದಳು ಅತ್ತೆ.

ಅಂದಿನಿಂದ ಅವಳು ಒಂದು ಕ್ರಮ ಮಾಡಿಕೊಂಡಳು. ಲಾರಿ ನಿಂತ ಕೂಡಲೆ ಪ್ಲಾಸ್ಟಿಕ್ ಬಳೆಗಳ ಸರ ಹಿಡಿದು ಹೋಗಿ ಇರುವ ಮಕ್ಕಳಿಗೆಲ್ಲ ಒಂದೊಂದು ತೊಡಿಸಿಬಿಡುವುದು. ಒಂದು ಲಾರಿಗೆ ಒಂದು ಬಣ್ಣ. ಬಸ್‌ಸ್ಟ್ಯಾಂಡಿನಲ್ಲಿ ಹಳದಿ ಬಳೆಯ ಮಗು ಅಳುತ್ತಿದ್ದರೆ ಹೂ ಮಾರುವವಳಿಂದ ಹಿಡಿದು ಕಂಡಕ್ಟರನವರೆಗೆ ಎಲ್ಲರಿಗೂ ಅದನ್ನು ಹಳದಿ ಲಾರಿಗೆ ಸೇರಿಸಬೇಕೆಂದು ಗೊತ್ತಿರುತ್ತಿತ್ತು. ಗಂಡುಮಕ್ಕಳು ಕೈ ಹಿಂದಕ್ಕೆ ಎಳೆದುಕೊಂಡು ಓಡುತ್ತಿದ್ದರು. “ಬಾರ್ಲಾ ಇಲ್ಲಿ! ಬಳೆ ಹಾಕ್ಕೊಂಡ್ರೆ ಮೀಸೆ ಬರಾಕಿಲ್ಲ ಅಂದ್ಕೊಂಡ್ಯಾ? ನಿಮ್ಮೇಸ್ತ್ರಿಗೂ ಹಾಕ್ತೀನಿ, ಬಾ!” ಎಂದು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಭಾಷೆ ತಿಳಿಯದ ಮಕ್ಕಳಿಗೂ ಅದು ಬೈಗುಳವಲ್ಲ, ಆಟ ಎಂದು ಹೇಗೋ ತಿಳಿಯುತ್ತಿತ್ತು.

ಅತ್ತೆಯ ಅನುಮಾನ ಎಲ್ಲ ಸಲವೂ ಸರಿಯಾಗುತ್ತಿರಲಿಲ್ಲ. ಅದನ್ನೂ ಬರೆಯಬೇಕು. ಒಮ್ಮೆ ಹುಲಿಕುಂಟೆಯ ಒಬ್ಬ ಕುರಿಗಾರ, ಉದ್ದ ಮೀಸೆಯವನು, ಅಳುತ್ತಿದ್ದ ಹುಡುಗಿಯೊಬ್ಬಳ ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಅತ್ತೆ ಅಡ್ಡ ನಿಂತಳು. ನನ್ನಿಂದ ಮಕ್ಕಳ ಸಹಾಯವಾಣಿಗೆ ಫೋನು ಮಾಡಿಸಿದಳು. ವಿಚಾರಿಸಿದಾಗ ಅವನು ಅವಳ ಸ್ವಂತ ಅಪ್ಪ, ಹುಡುಗಿ ಅಳುತ್ತಿದ್ದುದು ಹಲ್ಲು ಕೀಳಿಸಿಕೊಳ್ಳಲು ಹೆದರಿ. ಅಷ್ಟರಲ್ಲಿ ಬಸ್ಸೂ ಹೋಗಿತ್ತು, ಹಲ್ಲಿನ ಡಾಕ್ಟರೂ ಹೋಗಿದ್ದರು. ಆತ ಕೆಂಡವಾದ. “ಮೀಸೆ ಇದ್ದೋರೆಲ್ಲ ಕಳ್ರೇನಮ್ಮ?”

“ತಪ್ಪಾಯ್ತು ಬುಡಪ್ಪ. ನಿನ್ ಮೀಸೆ ಅಂಗೈತೆ, ನಾನೇನ್ ಮಾಡ್ಲಿ?” ಎಂದು ಹುಡುಗಿಗೆ ಎರಡು ಕೈ ತುಂಬ ಬಳೆ ತೊಡಿಸಿ ಕಳಿಸಿದಳು. ಆಮೇಲೆ ಎಷ್ಟೋ ಸಲ ಆತ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ್ದನ್ನು ನಾನೇ ಕೇಳಿದ್ದೇನೆ: “ಏನವ್ವ, ಇವತ್ತು ನನ್ ಮಗಳ್ನ ಮನೆಗೆ ಕರ್ಕೊಂಡ್ ಹೋಗ್ಬೋದಾ?” ಅತ್ತೆ ಕೂತಲ್ಲಿಂದಲೇ, “ಆಧಾರ್ ತೋರ್ಸಿ ಹೋಗೋ!” ಎನ್ನುತ್ತಿದ್ದಳು.

ನಾನು ಹೇಳಬೇಕೆಂದಿರುವ ಮಧ್ಯಾಹ್ನ ಇದಾದ ಮಾರನೆಯ ವರ್ಷದ್ದು. ಅಂಗಡಿಯಲ್ಲಿ ಮೂವರಿದ್ದೆವು. ಅತ್ತೆ, ನಾನು, ಮತ್ತು ಸಿರಾದಿಂದ ಅರಗಿನ ಬಳೆ ತಂದುಕೊಡುವ ನಸೀಮಾ. ಬಿಳಿ ಅಂಗಿಯ ಒಬ್ಬ ಗಂಡಸು ಒಂದು ಹುಡುಗಿಯೊಂದಿಗೆ ಒಳಗೆ ಬಂದ. ಹುಡುಗಿಯ ಕತ್ತಿನಲ್ಲಿ ಹೊಸ ಅರಿಸಿನದ ದಾರವಿತ್ತು. ಕಾಲಿಗೆ ಅವಳದಲ್ಲದ ದೊಡ್ಡ ಚಪ್ಪಲಿ.

“ಎರಡ್ ಕೈಗೂ ಹಸಿರು ಗಾಜಿನ ಬಳೆ ಹಾಕಮ್ಮ. ಲಗ್ನ ಆಗೈತೆ. ತೊಂದರ್ಗಾ, ತೊಂದರ್ಗಾ! ಪಾವಗಡ ಬಸ್ಸು ವಚ್ಚೇಸ್ತಾದಿ” ಎಂದ, ಬಸ್ಸು ಬಂದುಬಿಡುತ್ತದೆ ಎಂಬ ಅವಸರದಲ್ಲಿ, ಪಾವಗಡದವರ ಹಾಗೆ ತೆಲುಗು ಬೆರೆಸಿ.

ನಮ್ಮ ಕಡೆ ಮದುವಣಗಿತ್ತಿಗೆ ಹಸಿರು ಬಳೆ ತೊಡಿಸುವುದು ಹೆಂಗಸರ ಸಂಭ್ರಮ. ಬಳೆಗಾರ್ತಿಯನ್ನು ಮನೆಗೇ ಕರೆಸುತ್ತಾರೆ. ಅಂಗಡಿಗೆ ಬಂದರೂ ತಾಯಿ, ಅತ್ತಿಗೆ, ಚಿಕ್ಕಮ್ಮ ಎಂದು ಒಂದು ದಂಡೇ ಬರುತ್ತದೆ. ಗಂಡಸೊಬ್ಬ ಮದುಮಗಳನ್ನು ಎರಡು ಬಸ್ಸುಗಳ ನಡುವಿನ ಹೊತ್ತಿನಲ್ಲಿ ಕರೆತಂದು, ಪಂಕ್ಚರ್ ಹಾಕಿಸುವವನ ಹಾಗೆ ಬಳೆ ಹಾಕಿಸುವುದನ್ನು ನಾನು ಕಂಡಿರಲಿಲ್ಲ. ಹುಡುಗಿಯನ್ನು ಹೆಂಡತಿಯಂತೆ ತೋರಿಸಿಕೊಂಡರೆ ದಾರಿಯಲ್ಲಿ ಯಾರೂ ಕೇಳುವುದಿಲ್ಲ ಎಂದು ಅವನು ಯೋಚಿಸಿರಬೇಕು. ಆದರೆ ಅದಕ್ಕಾಗಿ ಅವನು ಕಾಲಿಟ್ಟದ್ದು ಬಳೆ ಅಂಗಡಿಗೆ.

ಅತ್ತೆ ಹುಡುಗಿಯ ಕೈ ಹಿಡಿದಳು. ಒಂದು ಕ್ಷಣ ಅವಳ ಹೆಬ್ಬೆರಳು ನಿಂತುಬಿಟ್ಟಿತು. ಎರಡೆರಡರ ಕೈ. ಸಣ್ಣ ಮಕ್ಕಳಿಗೆ ಜಾತ್ರೆಗೆಂದು ಕೊಳ್ಳುವ ಅಳತೆ. ಒಂದು ಕೈಗೆ (ಎಡವೋ ಬಲವೋ ಮರೆತಿದ್ದೇನೆ) ಡಜನ್ ಬಳೆ ತೊಡಿಸಿದಳು. ಆಮೇಲೆ ಪೆಟ್ಟಿಗೆ ತಡಕಾಡಿ, “ಅಯ್ಯೋ, ಎರಡೆರಡರ ಹಸಿರು ಮುಗ್ದೇಹೋಗೈತಲ್ಲಪ್ಪ!” ಎಂದಳು.

“ಬೇರೆ ಬಣ್ಣ ಹಾಕು.”

“ಮದ್ಲಗಿತ್ತಿ ಒಂದ್ ಕೈಗೆ ಹಸಿರು, ಒಂದ್ ಕೈಗೆ ಕೆಂಪಾ? ಟ್ರಾಫಿಕ್ ಲೈಟಾ ಅದು?” ನನ್ನ ಕಡೆ ತಿರುಗಿದಳು. “ಲೇ, ಹಳೇ ಪೇಟೆ ಅಂಗಡಿಗೆ ಹೋಗಿ ಎರಡೆರಡು ತಗೊಂಡ್ ಬಾ. ಅಲ್ಲಿಲ್ದಿದ್ರೆ ಹೋದ್ ವರ್ಷ ಹುಲಿಕುಂಟೆಯೋನ್ ಬಂದಾಗ ಫೋನ್ ಮಾಡಿ ಕರ್ಸಿದ್ಯಲ್ಲ, ಅವ್ರನ್ನ ಕೇಳು.”

ಹಳೇ ಪೇಟೆಗೆ ಹೋಗಬೇಕಾಗಿಲ್ಲ ಎಂದು ನನಗೆ ತಿಳಿಯಿತು. ಪಕ್ಕದ ಜೆರಾಕ್ಸ್ ಅಂಗಡಿಯ ಹಿಂದೆ ನಿಂತು ಸಹಾಯವಾಣಿಗೆ ಫೋನು ಮಾಡಿದೆ. ಮೊದಲು ಫೋನು ಮಾಡಿದ್ದು ತಾನು ಎಂದು ನಸೀಮಾ ಇವತ್ತಿಗೂ ಹೇಳುತ್ತಾಳೆ. ಇಬ್ಬರೂ ಮಾಡಿರಬಹುದು. ಪೊಲೀಸರನ್ನೂ ಕಳಿಸುತ್ತೇವೆ, ಅಲ್ಲಿಯವರೆಗೆ ಆ ಇಬ್ಬರನ್ನು ಹೇಗಾದರೂ ಅಲ್ಲೇ ನಿಲ್ಲಿಸಿಕೊಳ್ಳಿ ಎಂದರು ಸಹಾಯವಾಣಿಯವರು.

ನಾನು ವಾಪಸು ಬರುವಾಗ ಪಾವಗಡದ ಬಸ್ಸು ಎದುರಿಗೆ ನಿಂತಿತ್ತು. ಅವನು ಹುಡುಗಿಯ ತೋಳು ಹಿಡಿದು ಅಂಗಡಿಯ ಮೆಟ್ಟಿಲಿನತ್ತ ತಿರುಗಿದ್ದ. “ಒಂದ್ ಕೈಗೇ ಸಾಕು ಬುಡಮ್ಮ, ಹೋಗ್ತೀವಿ.”

ಅತ್ತೆ ಏಳಲಿಲ್ಲ. ಅಡ್ಡ ಬರಲಿಲ್ಲ. ದನಿಯನ್ನೂ ಎತ್ತಲಿಲ್ಲ. “ಹೋಗಪ್ಪ. ಬಳೆ ತೊಡೋಕೆ ಕೂತೋಳ್ನ ಅರ್ಧಕ್ಕೆ ಎಬ್ಬಿಸ್ಕೊಂಡು, ಒಂದ್ ಕೈ ಬರಿದು ಮಾಡ್ಕೊಂಡು ಹೊಸ್ಲು ದಾಟ್ಸು. ಗಂಡ ನೀನೇ ತಾನೆ? ಅದು ಯಾರ್ಗೆ ತಟ್ಟೋದು ಅಂತ ನಾನ್ ಹೇಳ್ಬೇಕಾ? ಪಾವಗಡದೋನು, ಶನಿಮಹಾತ್ಮನ ಬಾಗ್ಲಲ್ಲಿ ಬೆಳ್ದೋನು ನೀನು. ಇವತ್ತು ವಾರ ಬೇರೆ ಯಾವ್ದು ನೋಡ್ಕೊ.”

ಅಂದು ಶನಿವಾರವೇ ಆಗಿತ್ತೋ, ಅಥವಾ ಅತ್ತೆ ಹಾಗೆ ಹೇಳಿದ್ದರಿಂದ ನಾವೆಲ್ಲ ಶನಿವಾರವೆಂದು ನಂಬಿಬಿಟ್ಟೆವೋ ಗೊತ್ತಿಲ್ಲ. ಅವನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಬಸ್ಸು ಹಾರನ್ ಹೊಡೆಯಿತು. ಅವನು ಹುಡುಗಿಯ ಬರಿಗೈಯನ್ನು ನೋಡಿದ, ಬಸ್ಸನ್ನು ನೋಡಿದ. ಯಾರದೋ ಮಗುವನ್ನು ಎಲ್ಲಿಗೋ ಸಾಗಿಸಲು ಹಿಂಜರಿಯದ ಮನುಷ್ಯ ಆ ಬರಿಗೈಗೆ ಹಿಂಜರಿದ. ಕಾಲು ಹಿಂದಕ್ಕೆ ತೆಗೆದುಕೊಂಡು ಬೆಂಚಿನ ಮೇಲೆ ಕೂತ. “ಬೇಗ್ನೆ ತರ್ಸಮ್ಮ” ಎಂದ. ಬಸ್ಸು ಹೊರಟುಹೋಯಿತು.

“ಹಳೇ ಪೇಟೇಲಿಲ್ಲ ಅತ್ತೆ, ಇನ್ನೊಂದು ಕಡೆಯಿಂದ ಕಳಿಸ್ತಾರಂತೆ” ಎಂದೆ.

“ಕಳಿಸ್ಲಿ, ಕಳಿಸ್ಲಿ” ಎಂದು ಅತ್ತೆ ಅವನಿಗೆ ಟೀ ತರಿಸಿದಳು. ನಸೀಮಾ ಅರಗಿನ ಬಳೆ ತೋರಿಸುವ ನೆಪದಲ್ಲಿ ಹುಡುಗಿಯ ಪಕ್ಕ ಕೂತು, ಅವಳಿಗೆ ನಮ್ಮ ಮಾತು ತಿಳಿಯುತ್ತಿಲ್ಲವೆಂದು ಊಹಿಸಿ, ಮೆಲ್ಲಗೆ ಹಿಂದಿಯಲ್ಲಿ ಮಾತಾಡಿಸಿದಳು. ಅವನು ನಿನಗೇನಾಗಬೇಕು ಎಂದು ಕೇಳಿದ್ದಕ್ಕೆ ಹುಡುಗಿ, “ಮಾಲೂಮ್ ನಹೀಂ” ಎಂದಳು. ಗೊತ್ತಿಲ್ಲ. ನಸೀಮಾ ಬಳೆಗಳನ್ನು ಜೋಡಿಸಿಡುತ್ತ ಅತ್ತೆಯ ಕಡೆ ನೋಡಿ ಅಲ್ಲವೆಂಬಂತೆ ತಲೆಯಾಡಿಸಿದಳು, ಅಷ್ಟೆ.

ಸಹಾಯವಾಣಿಯ ಇಬ್ಬರು ಹೆಂಗಸರು ಸಾದಾ ಸೀರೆಯಲ್ಲಿ ಗಿರಾಕಿಗಳಂತೆ ಬಂದು ಹುಡುಗಿಯ ಎರಡೂ ಬದಿಗೆ ಕೂತರು. ಅವರ ಹಿಂದೆಯೇ ಪೊಲೀಸರು ಬಂದರು. ಅವನ ಕೈಯಲ್ಲಿನ್ನೂ ಟೀ ಲೋಟವಿತ್ತು. ಗಲಾಟೆಯಾಗಲಿಲ್ಲ. ಆ ಕ್ಷಣವನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಹೊಡೆದಾಟವಾಗಿ ಕಂಡಿದ್ದೇನೆ. ಆದರೆ ನಿಜವಾಗಿ ಕೇಳಿಸಿದ್ದು ಅವನು ಲೋಟ ಕೆಳಗಿಟ್ಟ ಸದ್ದು ಮಾತ್ರ.

ಅವನನ್ನು ಕರೆದೊಯ್ದ ಮೇಲೆ ಹುಡುಗಿ ತನ್ನ ಹಸಿರು ಕೈಯನ್ನು ಅತ್ತೆಯ ಮುಂದೆ ಚಾಚಿದಳು. ತೆಗೆಯಬೇಕೆಂದು ಅದರ ಅರ್ಥ. ಬಂದವರು ಒಡೆದು ತೆಗೆಯಿರಿ, ಬೇಗ ಆಗುತ್ತದೆ ಎಂದರು. “ಮಗು ಕೈಲಿ ಗಾಜು ಒಡೀತಾರೇನ್ರಮ್ಮ?” ಎಂದು ಅತ್ತೆ ಬೈದು, ಸೋಪಿನ ನೀರು ಸವರಿ, ಹನ್ನೆರಡೂ ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಆಮೇಲೆ ಪ್ಲಾಸ್ಟಿಕ್ ಬಳೆಗಳ ಸರವನ್ನೇ ಅವಳ ಮುಂದೆ ಹಿಡಿದಳು. ಹುಡುಗಿ ತುಂಬ ಹೊತ್ತು ಯೋಚಿಸಿ ಆರಿಸಿಕೊಂಡಳು. ಹಳದಿ ಎಂದು ನನ್ನ ನೆನಪು, ನೀಲಿ ಎನ್ನುತ್ತಾಳೆ ನಸೀಮಾ. ಅತ್ತೆ ಎರಡು ಕೈಗೂ ತೊಡಿಸಿದ್ದಳೆಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಅವಳ ಹೆಸರನ್ನು ಬರೆಯುವುದಿಲ್ಲ. ಕೆಲಸ ಕೊಡಿಸುತ್ತೇವೆಂದು ಊರಿನಿಂದ ಯಾರೋ ಕರೆತಂದು, ರೈಲಿನಲ್ಲಿ ಮತ್ಯಾರಿಗೋ ಒಪ್ಪಿಸಿ, ಅವರು ಇವನಿಗೆ ಒಪ್ಪಿಸಿದ್ದರಂತೆ. ಅವನು ಅವಳನ್ನು ಎಲ್ಲಿಗೆ ಒಯ್ಯುತ್ತಿದ್ದ ಎಂಬುದಕ್ಕೆ ನಾನು ಬೇರೆ ಬೇರೆ ಕತೆ ಕೇಳಿದ್ದೇನೆ. ಯಾವುದನ್ನೂ ಖಚಿತವಾಗಿ ಹೇಳಲಾರೆ. ಖಚಿತವಾದದ್ದು ಇಷ್ಟು. ಅವಳು ಕೆಲವು ವಾರ ತುಮಕೂರಿನ ಬಾಲಮಂದಿರದಲ್ಲಿದ್ದು, ಆಮೇಲೆ ತನ್ನ ಊರು ಸೇರಿದಳು. ತಲುಪಿದ ದಿನ ಅಧಿಕಾರಿಯೊಬ್ಬರು ಫೋನು ಹಚ್ಚಿಕೊಟ್ಟರು. ಆ ಕಡೆ ಅವಳ ತಾಯಿ ತನ್ನ ಭಾಷೆಯಲ್ಲಿ ಅಳುತ್ತ ಏನೋ ಹೇಳುತ್ತಿದ್ದಳು. ಈ ಕಡೆ ಅತ್ತೆ, “ಹೂಂ ಕಣವ್ವ. ಆಯ್ತು ಕಣವ್ವ. ಮಗಳ್ನ ಎಲ್ಗೂ ಕಳಿಸ್ಬ್ಯಾಡ. ಎಣ್ಣೆ ಹಚ್ಚಿ ತಲೆ ಬಾಚು, ಸಿಕ್ಕಾಗೈತೆ” ಎನ್ನುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಫೋನಿಟ್ಟು ಅತ್ತೆ, “ಪಾಪ, ಒಳ್ಳೇ ಹೆಂಗ್ಸು” ಎಂದಳು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡೆವು.

ನನಗೆ ಮಾತ್ರ ಒಂದು ಮುಳ್ಳು ಉಳಿದಿತ್ತು. ಮಾವ ತೀರಿಕೊಂಡಾಗ ಬಳೆ ತೆಗೆಸಲು ಬಂದ ಹಿರಿಯರನ್ನು ಅತ್ತೆ ಬಾಗಿಲಿನಿಂದಲೇ ಅಟ್ಟಿದ್ದಳು. ಕೈತುಂಬ ಬಳೆ ತೊಟ್ಟೇ ಇದ್ದಳು. ಬರಿಗೈಯ ಅಪಶಕುನವನ್ನು ನಂಬುವವಳೇ ಅಲ್ಲ. “ನೀನೇ ನಂಬದ ಮಾತು ಹೇಳಿ ಅವನನ್ನ ಹೆದರಿಸಿದೆಯಲ್ಲ?” ಎಂದು ಕೇಳಿದ್ದೆ.

“ನಾನ್ ನಂಬ್ದಿದ್ರೇನು, ಅವ್ನ್ ನಂಬ್ತಾನಲ್ಲ. ಅವ್ನ್ ಕಾಲ್ಗೆ ಅವ್ನ್ದೇ ಹಗ್ಗ ಕಣಮ್ಮ. ನಾನ್ ಗಂಟ್ ಹಾಕ್ದೆ, ಅಷ್ಟೇಯ.”

ಅವಳನ್ನು ಕೊನೆಯ ಸಲ ನೋಡಿದ್ದು ಕೊರಟಗೆರೆಯಲ್ಲಿ, ಅವಳ ಮಗಳ ಮನೆಯಲ್ಲಿ. ಲಕ್ವ ಹೊಡೆದು ಬಲಗೈ ಎತ್ತಲಾಗುತ್ತಿರಲಿಲ್ಲ. ಎಡಗೈಯಿಂದಲೇ ನನ್ನ ಕೈ ಹಿಡಿದು ಅಳತೆ ನೋಡಿದಳು. ಆಗ ನನ್ನೊಳಗೆ ಉಳಿದಿದ್ದ ಇನ್ನೊಂದು ಪ್ರಶ್ನೆ ಕೇಳಿದೆ. ಅಷ್ಟರಲ್ಲಿ ಮಗಳು ಕಾಫಿ ತಂದಳು, ಸಕ್ಕರೆ ಹೆಚ್ಚಾಯಿತೆಂದು ಅತ್ತೆ ಅವಳನ್ನು ಬೈದಳು, ಮಾತು ಬೇರೆಲ್ಲಿಗೋ ಹೋಯಿತು. ಇನ್ನೊಮ್ಮೆ ಹೋಗಿ ಕೇಳೋಣ ಎಂದುಕೊಂಡಿದ್ದೆ. ಆ ತಿಂಗಳು ಮುಗಿಯುವುದರೊಳಗೆ ಅತ್ತೆ ಹೊರಟುಹೋದಳು. ನಾನು ಅವತ್ತು ಕೇಳಿದ್ದು ಇಷ್ಟೇ:

“ಅತ್ತೆ, ಅವನು ನಮ್ಮ ಕಡೆಯವನಾಗಿರದೆ, ಆ ಬರಿಗೈಗೆ ಹೆದರದೆ ಬಸ್ ಹತ್ತಿಬಿಟ್ಟಿದ್ದರೆ ಏನು ಮಾಡ್ತಿದ್ದೆ?”